‘ಪೆರೋಲ್’ ಎಂಬ ಶಬ್ದ

ಸೆರೆವಾಸಕ್ಕೆ ಸಂಬಂಧಪಟ್ಟ ಇಂಗ್ಲಿಷ್ ಶಬ್ದಗಳಲ್ಲಿ ಬಹುಮಟ್ಟಿನವು ಗೋಡೆ, ಬೀಗ, ಸಂಕೋಲೆಗಳನ್ನು ನೆನಪಿಗೆ ತರುತ್ತವೆ. ‘ಪೆರೋಲ್’ ಎಂಬುದು ಈ ಮಾತಿಗೆ ಹೊರತಾದುದು. ಫ್ರೆಂಚ್ ಭಾಷೆಯಿಂದ ಬಂದ ಈ ಶಬ್ದಕ್ಕೆ ಮೂಲದಲ್ಲಿ ‘ಮಾತು’ ಎಂದಷ್ಟೇ ಅರ್ಥ. ‘ಪಾರ್ಲಿಮೆಂಟ್’ ಎಂಬುದೂ ಇದೇ ವಂಶದ ಶಬ್ದ.

ಪುಣ್ಯಕೋಟಿಯ ಕಥೆಯನ್ನು ಬಲ್ಲ ಕನ್ನಡಿಗರಿಗೆ ಇದರ ತಿರುಳು ಹೊಸದಲ್ಲ. ಕರುವಿಗೆ ಹಾಲೂಡಿಸಿ ಮರಳುವೆನೆಂದು ಆ ಗೋವು ಹುಲಿಗೆ ಕೊಟ್ಟ ಭಾಷೆಯೇ ಪೆರೋಲ್.

ಯೂರೋಪಿನ ಯುದ್ಧಗಳಲ್ಲಿ ಸೆರೆಸಿಕ್ಕ ಅಧಿಕಾರಿಯು, ತಪ್ಪಿಸಿಕೊಂಡು ಹೋಗುವುದಿಲ್ಲವೆಂದು ತನ್ನ ಮಾನವನ್ನೇ ಒತ್ತೆಯಿಟ್ಟು ವಚನ ಕೊಡುವ ಪದ್ಧತಿಯಿತ್ತು. ನೆಪೋಲಿಯನ್ನನ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಸೆರೆಯಾಗಿದ್ದ ಫ್ರೆಂಚ್ ಅಧಿಕಾರಿಗಳು ಹೀಗೆ ವಚನವಿತ್ತು, ಗೊತ್ತಾದ ಊರುಗಳಲ್ಲಿ ಬಿಡಾರಮಾಡಿಕೊಂಡು, ಹೆದ್ದಾರಿಯಲ್ಲಿ ಒಂದು ಮೈಲಿಯವರೆಗೆ ತಿರುಗಾಡಬಹುದಾಗಿತ್ತು. ಸಾಮಾನ್ಯ ಸಿಪಾಯಿಗಳಿಗೋ, ಬಂದರುಗಳಲ್ಲಿ ಕಟ್ಟಿಹಾಕಿದ ಹಳೆಯ ಹಡಗುಗಳೂ 1809ರಲ್ಲಿ ತೆರೆದ ಡಾರ್ಟ್‌ಮೂರಿನಂತಹ ಸೆರೆಮನೆಗಳೂ ಗತಿ. ಅಧಿಕಾರಿಯ ಮಾತಿಗೆ ಬೆಲೆಯುಂಟು, ಸಿಪಾಯಿಯ ಮಾತಿಗಿಲ್ಲ ಎಂದು ಇದರಿಂದ ಸ್ಪಷ್ಟವಾಗುತ್ತದೆ.

ಈ ಶಬ್ದವು ಯುದ್ಧಭೂಮಿಯಿಂದ ಅಪರಾಧಿಗಳ ಸೆರೆಮನೆಗೆ ಬಂದುದು ಅಮೆರಿಕದಲ್ಲಿ. ಬಾಸ್ಟನ್ ನಗರದ ಡಾಕ್ಟರ್ ಸ್ಯಾಮ್ಯುಅಲ್ ಹೋವ್ ಅವರು 1846ರಲ್ಲಿ ಅಪರಾಧಿಗಳ ವಿಷಯದಲ್ಲಿ ಇದನ್ನು ಬಳಸಿದರು. 1876ರಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ತೆರೆದ ಎಲ್ಮೈರಾ ಸುಧಾರಣಾಲಯವು ಅದನ್ನು ಆಚರಣೆಗೆ ತಂದಿತು. ಕಳ್ಳನೆನಿಸಿದವನ ಮಾತೂ ನಂಬಲರ್ಹವಾಗಬಹುದೆಂದು ಒಪ್ಪಿದುದು ಸಾಮಾನ್ಯವಾದ ಬದಲಾವಣೆಯಲ್ಲ.

ಇಂದು ಈ ಶಬ್ದದ ಬಳಕೆ ಎಲ್ಲ ಕಡೆಯೂ ಒಂದೇ ಬಗೆಯಾಗಿಲ್ಲ. ಅಮೆರಿಕದಲ್ಲಿ ಶಿಕ್ಷೆಯ ಅವಧಿ ಮುಗಿಯುವ ಮೊದಲೇ ಮೇಲ್ವಿಚಾರಣೆಗೆ ಒಳಪಡಿಸಿ ಬಿಡುವುದಕ್ಕೆ ಈ ಹೆಸರು. ನಮ್ಮ ದೇಶದಲ್ಲಾದರೋ, ಮನೆಯವರ ಕಾಯಿಲೆ, ಮರಣ, ಮದುವೆ ಮುಂತಾದ ಕಾರಣಗಳಿಗಾಗಿ ಕೆಲವು ದಿನಗಳ ಮಟ್ಟಿಗೆ ಹೊರಗೆ ಬಿಡುವುದನ್ನೇ ಸಾಮಾನ್ಯವಾಗಿ ಪೆರೋಲ್ ಎನ್ನುತ್ತೇವೆ. ಕೈದಿಯು ಗೊತ್ತಾದ ದಿನ ತಾನಾಗಿಯೇ ಸೆರೆಮನೆಯ ಬಾಗಿಲಿಗೆ ಮರಳಬೇಕು. ಪುಣ್ಯಕೋಟಿಯ ಕಥೆಗೆ ಹತ್ತಿರವಾದುದು ಈ ಅರ್ಥವೇ.

ಹೀಗೆ ಹೋದವರಲ್ಲಿ ಕೆಲವರು ಮರಳದೆ ತಲೆಮರೆಸಿಕೊಳ್ಳುವುದೂ ಉಂಟು. ಆದುದರಿಂದ ಮುಚ್ಚಳಿಕೆಯನ್ನೂ ಜಾಮೀನನ್ನೂ ಕೇಳುವುದು ತಪ್ಪೆನ್ನಲಾಗದು. ಆದರೆ ಜಾಮೀನು ನಿಲ್ಲಲು ಯಾರೂ ಇಲ್ಲದ ಬಡ ಕೈದಿಯು, ತಾಯಿ ಮರಣಶಯ್ಯೆಯಲ್ಲಿರುವಾಗಲೂ ಒಳಗೇ ಉಳಿಯಬೇಕಾಗಿ ಬಂದರೆ, ಹಿಂದೆ ಅಧಿಕಾರಿಗೂ ಸಿಪಾಯಿಗೂ ಇದ್ದ ಭೇದವೇ ಇಲ್ಲಿ ಬೇರೆಯ ವೇಷದಲ್ಲಿ ಬಂದಂತಾಗುತ್ತದೆ. ಮುಚ್ಚಳಿಕೆಯ ಕಾಗದವು ಮಾತಿಗೆ ಸಾಕ್ಷಿಯಾಗಿರಲಿ. ಮಾತಿನ ಸ್ಥಾನವನ್ನೇ ಅದು ಆಕ್ರಮಿಸಬಾರದು. ಪೆರೋಲಿಗಾಗಿ ಬಂದ ಅರ್ಜಿಯನ್ನು ವಿಚಾರಿಸುವವರು ಈ ಶಬ್ದದ ಮೂಲಾರ್ಥವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.