ಒರೆಗಲ್ಲಿನ ಅಳತೆ

ಚಿನ್ನದ ಬಳೆಯ ಅಪ್ಪಟತನವನ್ನು ಅರಿಯಲು ಅಕ್ಕಸಾಲಿಗನ ಮುಂದೆ ಎರಡು ದಾರಿಗಳುಂಟು. ಮೂಸೆಯಲ್ಲಿಟ್ಟು ಕರಗಿಸಿದರೆ ಕಲಬೆರಕೆ ಎಷ್ಟೆಂಬುದು ಖಚಿತವಾಗಿ ತಿಳಿಯುತ್ತದೆ. ಆದರೆ ಬಳೆ ಉಳಿಯುವುದಿಲ್ಲ. ಒರೆಗಲ್ಲಿಗೆ ಮೆಲ್ಲಗೆ ತೀಡಿದರೆ ಅಂದಾಜು ಮಾತ್ರ ಸಿಕ್ಕೀತು; ಬಳೆಯೇನೋ ಕೈಯಲ್ಲೇ ಇರುತ್ತದೆ. ಭೌತವಿಜ್ಞಾನಿಗಳು ಬೆಳಕಿನ ಕಣಗಳ ವಿಷಯದಲ್ಲಿಯೂ ಈ ಎರಡನೆಯ ದಾರಿಯನ್ನು ಹಿಡಿದಿದ್ದಾರೆಂದರೆ ನಿಮಗೆ ಸೋಜಿಗವಾದೀತು.

ಬೆಳಕಿನ ಅತಿ ಸಣ್ಣ ತುಣುಕಿಗೆ ಫೋಟಾನ್ ಎಂದು ಹೆಸರು. ಎರಡು ಫೋಟಾನುಗಳನ್ನು ತಕ್ಕ ರೀತಿಯಲ್ಲಿ ಜೋಡಿಸಿ ಬಹುದೂರ ಅಗಲಿಸಿದರೂ ಅವುಗಳ ನಡತೆಯಲ್ಲಿ ವಿಚಿತ್ರವಾದ ಹೊಂದಿಕೆ ಕಾಣುತ್ತದೆ. ಈ ನಂಟಿಗೆ ಷ್ರೋಡಿಂಗರ್ ಅವರು 1935ರಲ್ಲಿ ಹೆಸರಿಟ್ಟರು. ನಾವು ಅದನ್ನು ಹೆಣಿಗೆ ಎನ್ನೋಣ. ಇದನ್ನು ಪ್ರಯೋಗಗಳಿಂದ ಸ್ಥಿರಪಡಿಸಿದ ಆಸ್ಪೆ, ಕ್ಲೌಸರ್, ಜೈಲಿಂಗರ್ ಎಂಬ ಮೂವರಿಗೆ 2022ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಊರಿಂದೂರಿಗೆ ಇಂಥ ಹೆಣಿಗೆಯನ್ನು ಹಂಚುವ ವ್ಯವಸ್ಥೆಯೇ ಕ್ವಾಂಟಂ ಜಾಲ. ಗುಟ್ಟಿನ ಸಂದೇಶಕ್ಕೆ ಬೇಕಾದ ಬೀಗದ ಕೈಯನ್ನು ಅದರಿಂದ ಪಡೆಯಬಹುದು. ನಡುವೆ ಕದ್ದು ನೋಡಿದವನ ಸುಳಿವೂ ಸಿಕ್ಕುತ್ತದೆ.

ಆದರೆ ಹೆಣಿಗೆ ಬಹು ನಾಜೂಕು. 100 ಕಿಲೋಮೀಟರ್ ಗಾಜಿನೆಳೆಯನ್ನು ದಾಟುವಷ್ಟರಲ್ಲಿ 100 ಫೋಟಾನುಗಳಲ್ಲಿ ಉಳಿಯುವುದು ಸುಮಾರು ಒಂದು. ಉಳಿದುದರ ಸ್ಥಿತಿಯೂ ದಾರಿಯಲ್ಲಿ ಸವೆಯಬಹುದು. ನಕಲು ಮಾಡಿಟ್ಟುಕೊಳ್ಳೋಣವೇ? ನಾವರಿಯದ ಕ್ವಾಂಟಂ ಸ್ಥಿತಿಗೆ ನಕಲು ಅಸಾಧ್ಯವೆಂದು 1982ರಲ್ಲೇ ಸಿದ್ಧವಾಗಿದೆ. ಅಳೆದು ನೋಡೋಣವೇ? ಪೂರ್ತಿ ಅಳೆದೊಡನೆ ಹೆಣಿಗೆ ಹರಿಯುತ್ತದೆ, ಮೂಸೆಗೆ ಬಿದ್ದ ಬಳೆಯಂತೆ.

ಸ್ಥಿತಿಯ ಈ ಸವೆತಕ್ಕೆ ಅರೆ ಅಳತೆಯೇ ಮದ್ದಾಗಬಲ್ಲದೆಂದು 2012ರಲ್ಲಿ ದಕ್ಷಿಣ ಕೊರಿಯದ ವಿಜ್ಞಾನಿಗಳು ಪ್ರಯೋಗದಿಂದ ತೋರಿಸಿದರು. ಕಣಕ್ಕೆ ಎರಡು ಸ್ಥಿತಿಗಳೆನ್ನಿ: ಒಂದು ಸವೆಯುವಂಥದು, ಇನ್ನೊಂದು ಸವೆಯದು. ಪಯಣಕ್ಕೆ ಮುನ್ನ ಮೆಲ್ಲಗೆ ಅಳೆದು ಕಣವನ್ನು ಸವೆಯದ ಕಡೆಗೆ ವಾಲಿಸುತ್ತಾರೆ. ಅಪಾಯದ ಹಾದಿ ಕಳೆದ ಮೇಲೆ ಇನ್ನೊಂದು ಅರೆ ಅಳತೆಯಿಂದ ಮೊದಲಿನ ನೆಲೆಗೆ ತರುತ್ತಾರೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಹೆಂಗಸು ಕೊರಳ ಸರವನ್ನು ಸೆರಗಿನಲ್ಲಿ ಮರೆಮಾಡಿ, ಮನೆ ಸೇರಿ ಹೊರತೆಗೆಯುವ ಹಾಗೆ.

ಇದು ಪುಕ್ಕಟೆಯ ಉಪಾಯವೇನಲ್ಲ. ಅರೆ ಅಳತೆ ಎಷ್ಟೋ ಸಲ ಅನುಕೂಲವಾದ ಉತ್ತರ ಕೊಡದು. ಆ ಜೋಡಿಗಳನ್ನು ಕೈಬಿಡಲೇಬೇಕು. ಮೊದಲ ಅಳತೆಯನ್ನು ಬಿಗಿಗೊಳಿಸಿದಷ್ಟೂ ರಕ್ಷಣೆ ಹೆಚ್ಚು, ದಕ್ಕುವ ಜೋಡಿಗಳು ಕಡಮೆ. ಸವೆದ ನೂರು ಬೇಕೋ, ಗಟ್ಟಿಯಾದ ಹತ್ತು ಬೇಕೋ ಎಂಬ ಲೆಕ್ಕವನ್ನು ಜಾಲ ಕಟ್ಟುವವರು ಮಾಡಬೇಕಾಗಿದೆ.

ಅಳೆಯುವುದೆಂದರೆ ಕೊನೆಯ ಗುಂಜಿಯವರೆಗೆ ಅಳೆಯುವುದೆಂದೇ ನಾವು ಮಕ್ಕಳಿಗೆ ಕಲಿಸುತ್ತೇವೆ. ಎಲ್ಲಿ ಕೈ ತಡೆಯಬೇಕೆಂಬುದನ್ನೂ ಜೊತೆಯಲ್ಲಿ ಕಲಿಸುವುದು ಒಳ್ಳೆಯದು.