ನೀರು ಬಂದ ಮೇಲೆ ಹಣ
(ಬರ್ಬ್ಯಾಂಕ್‌ನ ಸಹಾಯಾರ್ಥ ಸಮಾರಂಭದಲ್ಲಿ ಮಾಡಿದ ಭಾಷಣ)



ಊಟಕ್ಕೆ ಮುಂಚೆ ಚರಂಡಿಯ ಮಾತು ಬೇಡ ಎಂದು ಮನೆಯವರು ಎಚ್ಚರಿಸಿ ಕಳಿಸಿದ್ದಾರೆ. ಆದ್ದರಿಂದ ನೀರಿನಿಂದಲೇ ಆರಂಭಿಸುತ್ತೇನೆ.

ನಾವು ಸೇರಿರುವ ಈ ಊರಿನ ನಲ್ಲಿ ನೀರಿಗೇ ಒಂದು ಕಥೆಯಿದೆ. ಇಲ್ಲಿ ದಶಕಗಳ ಕಾಲ ಲಾಕ್‌ಹೀಡ್ ವಿಮಾನ ಕಾರ್ಖಾನೆ ನಡೆಯಿತು. ಲೋಹ ತೊಳೆಯುವ ದ್ರಾವಕಗಳು ನೆಲಕ್ಕಿಳಿದು ಬಾವಿಗಳು ಕೆಟ್ಟವು. ಆ ನೀರನ್ನು ಶುದ್ಧಮಾಡುವ ಘಟಕವನ್ನು ಕಂಪನಿ ಕಟ್ಟಿತು, 2001ರಿಂದ ನಗರಾಡಳಿತ ಅದನ್ನು ನಡೆಸುತ್ತಿದೆ. ಖಾಸಗಿಯವರ ಹಣ, ಸಾರ್ವಜನಿಕರ ನಲ್ಲಿ. ಆದರೆ ಇದು ಪ್ರೀತಿಯಿಂದಾದ ಸಹಭಾಗಿತ್ವವಲ್ಲ, ಕಾನೂನು ಕಿವಿಹಿಂಡಿ ಮಾಡಿಸಿದ್ದು.

ಒಪ್ಪಿ ಮಾಡಿಕೊಂಡ ಸಹಭಾಗಿತ್ವ ನೋಡಬೇಕಾದರೆ ಸ್ಯಾನ್ ಡಿಯಾಗೋದವರು ತಮ್ಮ ಕಾರ್ಲ್ಸ್‌ಬ್ಯಾಡ್‌ಗೆ ಹೋಗಬೇಕು. ಸಮುದ್ರದ ನೀರನ್ನು ಸಿಹಿ ಮಾಡುವ ಅಲ್ಲಿನ ಕಾರ್ಖಾನೆ 2015ರ ಡಿಸೆಂಬರ್‌ನಲ್ಲಿ ಆರಂಭವಾಯಿತು. ಸುಮಾರು 100 ಕೋಟಿ ಡಾಲರ್ ವೆಚ್ಚ, ದಿನಕ್ಕೆ 5 ಕೋಟಿ ಗ್ಯಾಲನ್ ನೀರು. ಕಟ್ಟಿದ್ದು ಪೊಸೈಡನ್ ಎಂಬ ಖಾಸಗಿ ಕಂಪನಿ, ಕೊಳ್ಳುವುದು ಕೌಂಟಿಯ ಜಲ ಪ್ರಾಧಿಕಾರ. 2012ರ ಕರಾರಿನಲ್ಲಿ ಎರಡು ಮಾತು ಮುಖ್ಯ. ನೀರು ಕೈಗೆ ಬಂದ ಮೇಲಷ್ಟೇ ಹಣ. ಕಟ್ಟುವಾಗ ಎಡವಟ್ಟಾದರೆ ನಷ್ಟ ಕಂಪನಿಯದು. ಇನ್ನೊಂದು, ಬೇಕಿರಲಿ ಬೇಡದಿರಲಿ ಪ್ರತಿವರ್ಷ ಇಷ್ಟು ನೀರು ಕೊಂಡೇ ತೀರಬೇಕು. ಈ ಎರಡನೆಯ ಮಾತಿನ ಭಾರ ತಿಂಗಳ ಬಿಲ್ಲಿಗೆ ಬಂದು ಬೀಳುತ್ತದೆ. ಪ್ರಾಧಿಕಾರದ ದರ ಹೆಚ್ಚಾಯಿತೆಂದು 2023ರ ನವೆಂಬರ್‌ನಲ್ಲಿ ಫಾಲ್‌ಬ್ರೂಕ್ ಮತ್ತು ರೇನ್‌ಬೋ ಕಡೆಯ ಮತದಾರರು ಅದರಿಂದ ಹೊರಬರಲು ಮತ ಹಾಕಿದರು. ಆದರೂ ಮೊದಲನೆಯ ಮಾತನ್ನು ನೆನಪಿಟ್ಟುಕೊಳ್ಳಿ: ನೀರು ಬಂದ ಮೇಲೆ ಹಣ.

ಈಗ ನಮ್ಮ ಬೆಂಗಳೂರಿಗೆ ಬನ್ನಿ. ಬೊಮ್ಮನಹಳ್ಳಿ, ಬ್ಯಾಟರಾಯನಪುರ, ದಾಸರಹಳ್ಳಿ, ಕೃಷ್ಣರಾಜಪುರ, ಮಹದೇವಪುರ, ರಾಜರಾಜೇಶ್ವರಿ ನಗರ, ಯಲಹಂಕ, ಕೆಂಗೇರಿ. ಈ ಕಡೆ ಸೈಟು ಮಾಡಿದವರು ಕೈ ಎತ್ತಿ ಎಂದರೆ ಅರ್ಧ ಸಭೆ ಕೈ ಎತ್ತೀತು! ಏಳು ನಗರಸಭೆ, ಒಂದು ಪುರಸಭೆಯಾಗಿದ್ದ ಈ ಊರುಗಳು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದವು. ಅದಕ್ಕೆ ಮುಂಚೆಯೇ ಇಲ್ಲಿಗೆ ಕಾವೇರಿ ಕೊಳವೆ ಎಳೆಯುವ ದೊಡ್ಡ ಯೋಜನೆ ಬಂತು. ಹಣಕ್ಕೆ ಮೂರು ದಾರಿ: ಸರ್ಕಾರದ ಪಾಲು, ಮಾರುಕಟ್ಟೆಯ ಸಾಲ, ಮನೆಯವರ ವಂತಿಗೆ. 2005ರಲ್ಲಿ ಎಂಟೂ ಸಂಸ್ಥೆಗಳನ್ನು ಒಟ್ಟು ಸೇರಿಸಿ 100 ಕೋಟಿ ರೂಪಾಯಿಯ ಬಾಂಡು ಮಾರಿದರು. ಒಂದೊಂದೇ ಹೋಗಿದ್ದರೆ ಈ ಪುಟ್ಟ ನಗರಸಭೆಗಳನ್ನು ಯಾವ ಸಾಹುಕಾರ ನಂಬುತ್ತಿದ್ದ? ಆ ಸಾಲಕ್ಕೆ ಭಾಗಶಃ ಜಾಮೀನು ನಿಂತದ್ದು ಅಮೆರಿಕದ ಯುಎಸ್‌ಏಡ್. ಅಂದರೆ ಇಲ್ಲಿ ನಾವು ಕಟ್ಟುವ ತೆರಿಗೆಗೂ ಯಲಹಂಕದ ನಲ್ಲಿಗೂ ಒಂದು ನಂಟು ಇತ್ತು!

ವಂತಿಗೆಯ ವಿಷಯ ಹೀಗಲ್ಲ. ಸೈಟಿನ ಅಳತೆ ನೋಡಿ 2,500ರಿಂದ 15,000 ರೂಪಾಯಿವರೆಗೆ ಮುಂಗಡವಾಗಿ ಕೇಳಿದರು. ರೆವಿನ್ಯೂ ಬಡಾವಣೆಗಳ ಜನ ಅದನ್ನೂ ಕಟ್ಟಿ, ರಸೀದಿಯನ್ನು ಮನೆಪತ್ರದ ಜೊತೆ ಜೋಪಾನ ಮಾಡಿದರು. ನಾಳೆ ಯಾರಾದರೂ ನಿಮ್ಮ ಬಡಾವಣೆ ಅಕ್ರಮ ಎಂದರೆ ತೋರಿಸಲು ಅದೊಂದು ಆಧಾರ. ಆದರೆ ಕೊಳವೆ ಬಂದರೂ ಅದರ ತುಂಬ ನೀರಿಲ್ಲ. ಬಹುಪಾಲು ಮನೆಗಳು 2012ರವರೆಗೆ, ಕಾವೇರಿ ನಾಲ್ಕನೇ ಹಂತದ ಎರಡನೇ ಘಟ್ಟ ಮುಗಿದು ದಿನಕ್ಕೆ ಇನ್ನೂ 50 ಕೋಟಿ ಲೀಟರ್ ಬರುವವರೆಗೆ ಕಾಯಬೇಕಾಯಿತು. ಪಾಲಿಕೆಗೆ ಸೇರಿದ ಸುತ್ತಲ 110 ಹಳ್ಳಿಗಳ ಪಾಲಿನ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ಬೋರ್‌ವೆಲ್, ಟ್ಯಾಂಕರು. ಕಾರ್ಲ್ಸ್‌ಬ್ಯಾಡ್‌ನಲ್ಲಿ ಕಂಪನಿ ಹೊತ್ತ ಭಾರವನ್ನು ಇಲ್ಲಿ ಮೂವತ್ತು ನಲವತ್ತರ ಸೈಟಿನ ಸಂಸಾರ ಹೊತ್ತಿತು. ಇದನ್ನು ನಾನು ಸಹಭಾಗಿತ್ವ ಎನ್ನಲಾರೆ.

ಖಾಸಗಿಯವರೆಲ್ಲ ಕೆಟ್ಟವರೆಂದು ನನ್ನ ವಾದವಲ್ಲ. ವಿಶ್ವಬ್ಯಾಂಕಿನ ಸಾಲದಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ ಫ್ರಾನ್ಸಿನ ವಿಯೋಲಿಯಾ ಕಂಪನಿ ದಿನದ 24 ಗಂಟೆಯೂ ನೀರು ಕೊಟ್ಟು ತೋರಿಸಿತು. ಕೊಳವೆಯ ಒಡೆತನ ಸಾರ್ವಜನಿಕರಲ್ಲೇ ಉಳಿಯಿತು. ನಮ್ಮ ಬರ್ಕ್ಲಿ ವಿಶ್ವವಿದ್ಯಾಲಯದವರು ಹುಬ್ಬಳ್ಳಿ-ಧಾರವಾಡದಲ್ಲಿ ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದರು. ಮಕ್ಕಳ ಸಾಮಾನ್ಯ ಭೇದಿ ಒಟ್ಟಾರೆ ಕಡಿಮೆಯಾಗಿರಲಿಲ್ಲ, ಆದರೆ ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಕಡಿಮೆಯಿತ್ತು. ಯಾರಿಗೆ ನಲ್ಲಿ ಹೆಚ್ಚು ಬೇಕೋ ಅವರಿಗೇ ಹೆಚ್ಚು ಲಾಭ.

ಇನ್ನು ಚರಂಡಿ, ಕ್ಷಮಿಸಿ. ಮನೆಗೆ ಬಂದ ನೂರು ಕೊಡದಲ್ಲಿ ಎಂಬತ್ತು ಕೊಳಚೆಯಾಗಿ ಹೊರಗೆ ಹೋಗುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ನೀರನ್ನಾದರೆ ಮಾರಬಹುದು, ಕೊಳಚೆಯನ್ನು ಕೊಳ್ಳುವವರು ಯಾರು? ಅದಕ್ಕೇ ಬಂಡವಾಳಗಾರರು ಈ ಕಡೆ ತಲೆ ಹಾಕುವುದು ಕಡಿಮೆ, ಒಳಚರಂಡಿ ಯಾವಾಗಲೂ ಹಿಂದೆ. ಹಾಗೆ ಹಿಂದುಳಿದದ್ದು ಎಲ್ಲಿ ಹೋಯಿತೆಂದು ತಿಳಿಯಲು 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದ ಚಿತ್ರ ನೆನಪು ಮಾಡಿಕೊಂಡರೆ ಸಾಕು.

ಈ ಸಂಜೆ ಸಂಗ್ರಹವಾಗುವ ಹಣದ ಬಗ್ಗೆ ನನ್ನದೊಂದು ಕೋರಿಕೆ. ದೊಡ್ಡ ಕೊಳವೆ ಹಾಕುವುದು ನಮ್ಮಿಂದಾಗದು, ನಮ್ಮ ಕೆಲಸವೂ ಅಲ್ಲ, ಅದು ಸರ್ಕಾರದ್ದೇ. ಬೀದಿಯ ಕೊಳವೆಯಿಂದ ಬಡವರ ಬಾಗಿಲಿನವರೆಗಿನ ಹತ್ತು ಅಡಿ ಮಾತ್ರ ಯಾರ ಕರಾರಿನಲ್ಲೂ ಸರಿಯಾಗಿ ಬರುವುದಿಲ್ಲ. ಸಂಪರ್ಕದ ಶುಲ್ಕ, ಮೀಟರು, ರಸ್ತೆ ಅಗೆದ ಖರ್ಚು, ಮನೆಗೆಲಸ ಮಾಡುವ ತಾಯಿ ಒಟ್ಟಿಗೆ ಎಲ್ಲಿಂದ ತಂದಾಳು? ಇನ್ನೊಂದು ಬೋರ್‌ವೆಲ್ ಕೊರೆಸಿ ಫಲಕ ಹಾಕಿಸುವ ಬದಲು, ನೀರಿನ ಜೊತೆ ಒಳಚರಂಡಿಯೂ ಸೇರಿದಂತೆ ಆ ಹತ್ತು ಅಡಿಗೆ ಈ ವರ್ಷದ ಹಣ ಮೀಸಲಿಡೋಣ. ಷರತ್ತು ಮಾತ್ರ ಕಾರ್ಲ್ಸ್‌ಬ್ಯಾಡ್‌ನದು. ನಲ್ಲಿ ಬಿಟ್ಟು ಬಿಂದಿಗೆ ತುಂಬಿದ ಮೇಲೆ ಚೆಕ್ಕು.

ಚರ್ಚೆಗೆ ಕಾರ್ಯಕಾರಿ ಸಮಿತಿಯ ಮುಂದೆ ಬರೆದು ಕೊಟ್ಟಿದ್ದೇನೆ. ಒಪ್ಪದವರು ಊಟದ ಸಾಲಿನಲ್ಲಿ ನನ್ನನ್ನು ಹಿಡಿಯಬಹುದು, ಬಿಸಿಬೇಳೆ ಬಾತಿನ ಹತ್ತಿರವೇ ಇರುತ್ತೇನೆ.