ಇರುಳಿನಲ್ಲಿ ಕಟ್ಟಡಗಳ ಚಿತ್ರ

ಮೈಸೂರಿನ ಅರಮನೆಗೆ ದೀಪ ಹತ್ತುವ ಸಂಜೆ ಅದರ ಮುಂದೆ ನೆರೆದವರಲ್ಲಿ ಚಿತ್ರ ತೆಗೆಯದವರು ವಿರಳ. ಆದರೆ ಮನೆಗೆ ಹೋಗಿ ನೋಡಿದರೆ ಅನೇಕವೇಳೆ ಕಾಣುವುದು ಬೆಳಕಿನ ಗೆರೆಗಳ ಕಲಸುಮೇಲೋಗರ. ಬೆಳಕು ಸಾಲದಾಯಿತೆಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ವಾಸ್ತವವಾಗಿ ಬೆಳಕು ಕಡಮೆಯಾದರೂ ಕಾಲ ನಮ್ಮ ವಶದಲ್ಲಿದೆ. ಹಗಲಿನಲ್ಲಿ ಕ್ಷಣಾರ್ಧದಲ್ಲಿ ದೊರೆಯುವ ಬೆಳಕನ್ನು ಇರುಳಿನಲ್ಲಿ ಕೆಲವು ಸೆಕೆಂಡು ಕಾದು ಕೂಡಿಸಿಕೊಳ್ಳಬಹುದು. ಕಟ್ಟಡ ಕದಲುವುದಿಲ್ಲ, ಕದಲುವುದು ನಮ್ಮ ಕೈ.

ಆದುದರಿಂದ ಮೊದಲು ಬೇಕಾದುದು ಗಟ್ಟಿಯಾದ ಟ್ರೈಪಾಡು. ಅದಕ್ಕೆ ಅನುಮತಿಯಿಲ್ಲದೆಡೆ ಕಲ್ಲಿನ ಕಟ್ಟೆಯೂ ಆದೀತು. ಗುಂಡಿ ಒತ್ತುವ ಬೆರಳೇ ಕ್ಯಾಮರಾವನ್ನು ನಡುಗಿಸುವುದರಿಂದ, ಒತ್ತಿದ ಕೆಲವು ಸೆಕೆಂಡುಗಳ ಮೇಲೆ ತಾನಾಗಿ ತೆರೆಯುವ ಏರ್ಪಾಡನ್ನು ಬಳಸುವುದು ಲೇಸು. ಕೈನಡುಕವನ್ನು ತಿದ್ದುವ ಸಾಧನವಿದ್ದರೆ ಅದನ್ನು ನಿಲ್ಲಿಸಿಡಬೇಕು; ಇಲ್ಲದ ನಡುಕವನ್ನು ತಿದ್ದಹೋಗಿ ಅದೇ ಚಿತ್ರವನ್ನು ಕೆಡಿಸುವುದುಂಟು.

ಕತ್ತಲಲ್ಲಿ ಫೋಕಸ್ಸಿನ ಕೆಲಸವನ್ನು ಯಂತ್ರಕ್ಕೆ ಬಿಡಕೂಡದು. ಬೆಳಗಿದ ಗೋಪುರದ ಅಂಚೊಂದನ್ನು ಪರದೆಯಲ್ಲಿ ಹಿಗ್ಗಿಸಿ ನೋಡುತ್ತ ಲೆನ್ಸನ್ನು ಕೈಯಿಂದಲೇ ಹೊಂದಿಸಬೇಕು. ಬೆಳಕಿನ ದ್ವಾರವನ್ನು ಎಫ್ 8ಕ್ಕೂ ಐ.ಎಸ್.ಒ. ವೇಗವನ್ನು 100ಕ್ಕೂ ಇಟ್ಟು, 1, 2, 4, 8 ಸೆಕೆಂಡುಗಳಂತೆ ನಾಲ್ಕು ಚಿತ್ರ ತೆಗೆದರೆ ಒಂದಾದರೂ ದಕ್ಕುವ ಸಂಭವ ಹೆಚ್ಚು. ವೇಗವನ್ನು ಏರಿಸಿದರೆ ಹೊತ್ತು ಉಳಿಯುವುದು ನಿಜ. ಆದರೆ ಕೆತ್ತನೆಯ ನವುರೆಲ್ಲ ಮರಳು ಎರಚಿದಂತೆ ಕಾಳುಕಾಳಾಗುತ್ತದೆ.

ಇನ್ನು ವೇಳೆಯ ವಿಚಾರ. ಲಕ್ಷಕ್ಕೆ ಸಮೀಪಿಸುವ ಆ ದೀಪಗಳು ಅರಮನೆಯ ರೇಖೆಗಳನ್ನು ಮಾತ್ರ ಬರೆಯುತ್ತವೆ. ಬೂದುಗಲ್ಲನ್ನೂ ಕೆಂಪು ಗುಮ್ಮಟಗಳನ್ನೂ ತೋರಿಸಬೇಕಾದುದು ಆಕಾಶದಲ್ಲಿ ಉಳಿದ ಬೆಳಕು. ದಸರೆಯ ದಿನಗಳಲ್ಲಿ ಸೂರ್ಯನು 6 ಗಂಟೆ ಕಳೆಯುತ್ತಲೇ ಮುಳುಗುವುದರಿಂದ, 7 ಗಂಟೆಯ ಸುಮಾರಿಗೆ ದೀಪ ಹತ್ತುವಾಗ ಮೇಲೆಲ್ಲ ಕಪ್ಪು. ಮೇ, ಜೂನ್ ತಿಂಗಳುಗಳ ಭಾನುವಾರದಂದು ಸೂರ್ಯಾಸ್ತ 6-45ರ ಆಸುಪಾಸಿಗೆ ಬರುತ್ತದೆ. ಮೋಡವಿಲ್ಲದಿದ್ದರೆ ದೀಪವೂ ನೀಲಿ ಬಾನೂ ಕೆಲವು ನಿಮಿಷ ಒಟ್ಟಿಗೆ ಸಿಕ್ಕುತ್ತವೆ. ಆ ನಿಮಿಷಗಳಿಗೆ ಮುನ್ನವೇ ಸ್ಥಳ ಹಿಡಿದು, ಕ್ಯಾಮರಾವನ್ನು ಮಟ್ಟಸವಾಗಿ ನಿಲ್ಲಿಸಿ ಸಿದ್ಧವಾಗಿರಬೇಕು. ಮೇಲಕ್ಕೆ ವಾಲಿಸಿದರೆ ಗೋಪುರಗಳು ಹಿಂದಕ್ಕೆ ಬೀಳುವಂತೆ ತೋರುತ್ತವೆ.

ಕಟ್ಟಡವೆಲ್ಲಿಗೆ ಹೋಗುತ್ತದೆ, ಇನ್ನೊಮ್ಮೆ ತೆಗೆದರಾಯಿತೆನ್ನಬಹುದು. ಇದೇ ಸ್ಥಳದಲ್ಲಿದ್ದ ಮರದ ಅರಮನೆ 1897ರಲ್ಲಿ ಉರಿದುಹೋಯಿತು. ಹೆನ್ರಿ ಇರ್ವಿನ್ನರ ನಕ್ಷೆಯಂತೆ ಎದ್ದ ಈಗಿನದು ಮುಗಿದುದು 1912ರಲ್ಲಿ. ನಮ್ಮ ಊರುಗಳ ಹಳೆಯ ಮನೆ, ಮಾರುಕಟ್ಟೆ, ಗಡಿಯಾರಸ್ತಂಭಗಳಿಗೂ ಚಿರಾಯುವಿನ ಭರವಸೆಯಿಲ್ಲ. ಮುಂದೆ ಅವುಗಳ ರೂಪವನ್ನು ಬಲ್ಲವರಿಲ್ಲದಾಗ ಸಾಕ್ಷಿ ಹೇಳಬೇಕಾದುದು ಚಿತ್ರ. ಆ ಸಾಕ್ಷಿ ಮಸುಕಾಗಿರಬಾರದು.